ಅನ್ನದಾನದಲ್ಲಿ ಆಹ್ವಾನದ ಸ್ಥಾನ



ದಾನಗಳಲ್ಲೆಲ್ಲ ಅನ್ನದಾನವೇ ಹಿರಿದೆಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರು. ಉತ್ಸವದ ಆಮಂತ್ರಣ ಪತ್ರಿಕೆಗಳಲ್ಲಿ ಅಭಿಷೇಕ, ಅಲಂಕಾರ, ಪ್ರವಚನಗಳ ಸಾಲಿನ ಕೊನೆಗೆ ‘ತೀರ್ಥಪ್ರಸಾದ’ ಎಂದು ಅಚ್ಚು ಹಾಕಿಸುವುದನ್ನು ನಾವು ಎಂದೂ ಮರೆಯುವುದಿಲ್ಲ. ಆದರೆ ಈ ಅನ್ನದಾನವೆಂಬುದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿದವರಲ್ಲ. ಅಕ್ಕಿ ಬೆಂದು ಅನ್ನವಾದೊಡನೆ ಮುಗಿಯಿತೇ? ಎಲೆಯ ಮೇಲೆ ಬಡಿಸಿದಾಗ ಮುಗಿಯಿತೇ? ಅನ್ನ ಸಿದ್ಧವಾಗಿದ್ದು, ಹಸಿದವನು ಬಾರದೆ ಹೋದರೆ, ಅದು ದಾನವಾಯಿತೇ ಅಥವಾ ಬರಿಯ ಅಡುಗೆಯಾಯಿತೇ? ಹಾಗೆ ಬಾರದೆ ಹೋದವನ ಹಸಿವಿನ ಹೊಣೆ ಯಾರದು?

ಈ ಪ್ರಶ್ನೆಯು ನಮಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. 2024ನೆಯ ಇಸವಿಯ ಬೇಸಗೆಯಲ್ಲಿ, ನಮ್ಮ ಕಿಬ್ಬನಹಳ್ಳಿಯ ಸೀಮೆಯಲ್ಲಿ, ಶಾಲಾಮಕ್ಕಳ ಊಟದ ವಿಷಯವಾಗಿ ನಾವು ಕೆಲವರು ಓಡಾಡಿದಾಗ ಅದು ನಮ್ಮೆದುರಿಗೆ ಬಂದು ನಿಂತಿತು. ಅಂದಿನ ಅನುಭವವನ್ನೂ ಅದರಿಂದ ನಾವು ತಿಳಿದುಕೊಂಡುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತವರಿಗೆ ನಾಲ್ಕು ದಿಕ್ಕಿಗೂ ತೆಂಗಿನ ತೋಟಗಳೇ ಕಾಣುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಕೂಡುವ ಸ್ಥಳವಿದು. ಬಸ್ಸಿನಲ್ಲಿ ಕುಳಿತು ಹಾದುಹೋಗುವವರಿಗೆ ಇದು ಕಲ್ಪವೃಕ್ಷಗಳ ನಾಡು; ಇಲ್ಲಿಯೂ ಹಸಿವುಂಟೇ ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ತೋಟದ ಒಡೆಯನಿಗೆ ಕಲ್ಪವೃಕ್ಷವಾದುದು ಕಾಯಿ ಕೀಳುವವನಿಗೂ ಸುಲಿಯುವವನಿಗೂ ದಿನಗೂಲಿಯ ಕೆಲಸ ಮಾತ್ರ. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿದ ಕಾಯಿಯನ್ನು ಇಳಿಸಿ, ಚಿಪ್ಪೊಡೆದು ಉಂಡೆ ಕೊಬ್ಬರಿಯನ್ನು ಬಿಡಿಸುವ ಹೆಣ್ಣುಮಕ್ಕಳ ಪಾಲಿಗೂ ಅಷ್ಟೇ. 2023ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಕೊಬ್ಬರಿಯ ಧಾರಣೆಯೂ ಕುಸಿಯಿತು. ಧಾರಣೆ ಕುಸಿದರೆ ಒಡೆಯನು ಕಾಯಿಯನ್ನು ಅಟ್ಟದಲ್ಲಿಯೇ ಬಿಟ್ಟು ಕಾಯಬಲ್ಲನು. ಕೂಲಿಯವರ ಒಲೆ ಹಾಗೆ ಕಾಯಲಾರದು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರವು ಬರಪೀಡಿತವೆಂದು ಘೋಷಿಸಿತು. ನಮ್ಮ ಸೀಮೆಯ ತಾಲ್ಲೂಕುಗಳೂ ಅವುಗಳಲ್ಲಿ ಸೇರಿದ್ದವು.

ಶಾಲೆಯ ಬಿಸಿಯೂಟದ ಹಿನ್ನೆಲೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅಗತ್ಯ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ವರ್ಷದಲ್ಲಿ ಕನಿಷ್ಠ 200 ದಿನ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಈ ಕಾರ್ಯವು ‘ಅಕ್ಷರ ದಾಸೋಹ’ವೆಂಬ ಹೆಸರಿನಿಂದ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಹಾರ ಭದ್ರತಾ ಕಾಯಿದೆಯು ಈ ಊಟವನ್ನು ಮಕ್ಕಳ ಹಕ್ಕನ್ನಾಗಿಯೇ ಮಾಡಿತು. ಆದರೆ ಆ ಕಾಯಿದೆಯಲ್ಲಿ ‘ಶಾಲೆಯ ರಜಾದಿನಗಳನ್ನು ಬಿಟ್ಟು’ ಎಂಬ ಒಂದು ಮಾತೂ ಸೇರಿದೆ. ಶಾಲೆಗೆ ರಜೆಯುಂಟು, ಹಸಿವಿಗೆ ರಜೆಯಿಲ್ಲ. ಈ ಕೊರತೆಯನ್ನು ಕಂಡೇ ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್ 20ರ ಆಜ್ಞೆಯಲ್ಲಿ, ಬರಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟವನ್ನು ನಿಲ್ಲಿಸಬಾರದೆಂದು ವಿಧಿಸಿತ್ತು. 2016ರ ಮೇ ತಿಂಗಳಲ್ಲಿ ಮತ್ತೊಂದು ತೀರ್ಪಿನಲ್ಲಿ ಅದನ್ನೇ ಪುನಃ ಹೇಳಿತು. ಅದರಂತೆ 2024ರ ಏಪ್ರಿಲ್ 11ರಿಂದ ಮೇ 28ರವರೆಗೆ, ಭಾನುವಾರಗಳನ್ನು ಕಳೆದು 41 ದಿನ, ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ ಊಟವನ್ನು ಬಡಿಸುವ ಏರ್ಪಾಡಾಯಿತು.

ಊಟವೇನೋ ಸಿದ್ಧವಾಯಿತು. ಮಕ್ಕಳಿಗೆ ಅದು ತಿಳಿಯಬೇಕಲ್ಲವೇ? ಶಾಲೆ ನಡೆಯುವ ದಿನಗಳಲ್ಲಿ ಗಂಟೆ ಬಾರಿಸಿದರೆ ಸಾಕು, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. ರಜೆಯಲ್ಲಿ ಗಂಟೆಯ ಸದ್ದು ತೋಟದ ಮನೆಗಳಿಗೆ ಕೇಳಿಸುವುದಿಲ್ಲ. ಈ ವಿಷಯವನ್ನು ಪ್ರಚಾರ ಮಾಡುವುದು ನಮ್ಮಿಂದಲೂ ಆಗಬಹುದಾದ ಸೇವೆಯೆಂದು ತೋರಿ, ನಾವು ಐದಾರು ಮಂದಿ ಒಂದುಗೂಡಿದೆವು. ನಾವು ಮಾಡಿದ ಮೊದಲ ಕೆಲಸವೆಂದರೆ, ದುಂಡನೆಯ ಅಕ್ಷರಗಳಲ್ಲಿ ಒಂದು ಪ್ರಕಟಣೆಯನ್ನು ಬರೆದು ಗುಡಿಯ ಹಲಗೆಗೆ ಅಂಟಿಸಿದ್ದು. ಎರಡನೆಯದಾಗಿ, ಸಂಜೆಯ ಪ್ರವಚನ ಮುಗಿದ ಬಳಿಕ ಅದೇ ವಿಷಯವನ್ನು ಸಭೆಯಲ್ಲಿ ಓದಿ ಹೇಳಿದೆವು. ಕರ್ತವ್ಯ ಮುಗಿಯಿತೆಂಬ ತೃಪ್ತಿಯಿಂದ ಮನೆಗೆ ಹೋದೆವು.

ನಾಲ್ಕು ದಿನಗಳ ತರುವಾಯ ಶಾಲೆಯ ಕಡೆಗೆ ಹೋಗಿ ನೋಡಿದರೆ ಬಂದ ಮಕ್ಕಳು ಬೆರಳೆಣಿಕೆಯಷ್ಟು. ಬಿಸಿಯೂಟದ ಅಡುಗೆಯಾಕೆ ಪಾತ್ರೆಯ ಮುಚ್ಚಳವನ್ನು ತೆರೆದು ಮಿಕ್ಕ ಅನ್ನವನ್ನು ತೋರಿಸಿದರು. ನಾವು ಮಾಡಿದ ಪ್ರಚಾರವನ್ನು ವಿವರಿಸಿದೆವು. ಆಕೆ ಕೇಳಿ, ಒಂದಿಷ್ಟೂ ವ್ಯಂಗ್ಯವಿಲ್ಲದೆ, “ನಿಮ್ಮ ಗುಡಿ ಬೋರ್ಡು ಓದೋರ ಮನೆ ಮಕ್ಕಳಿಗೆ ಈ ಊಟ ಬೇಕಾಗಿಲ್ಲ ಸ್ವಾಮಿ. ಬೇಕಾದೋರು ನಿಮ್ಮ ಗುಡಿ ಕಡೆ ಬರಲ್ಲ” ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದಾದ ಎರಡು ಮೂರು ದಿನಗಳಿಗೆ, ಏಪ್ರಿಲ್ 17ರಂದು, ಶ್ರೀರಾಮನವಮಿ ಬಂದಿತು. ವಾಡಿಕೆಯಂತೆ ಕ್ರಾಸಿನಲ್ಲಿ ಚಪ್ಪರ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನು ಹಂಚಿದೆವು. ನಮ್ಮ ಹುಡುಗರು ರಸ್ತೆಯ ನಡುವೆ ನಿಂತು ಬಸ್ಸುಗಳನ್ನು ತಡೆದು, ಕಿಟಕಿಗಳಿಗೆ ಲೋಟಗಳನ್ನು ಎತ್ತಿ ಹಿಡಿದು, ಬೇಡವೆಂದವರನ್ನೂ ಬಲವಂತ ಮಾಡಿ ಕುಡಿಸುತ್ತಿದ್ದರು. ಲಾರಿಯ ಚಾಲಕನ ಜಾತಿ ಯಾವುದು, ಊರು ಯಾವುದು ಎಂದು ಕೇಳಿದವರು ಒಬ್ಬರೂ ಇಲ್ಲ. ಅದೇ ಸಮಯಕ್ಕೆ, ಏಪ್ರಿಲ್ 26ರ ಲೋಕಸಭೆಯ ಮತದಾನಕ್ಕಾಗಿ ಧ್ವನಿವರ್ಧಕ ಕಟ್ಟಿಕೊಂಡ ಆಟೋಗಳು ತೋಟತೋಟದ ದಾರಿಗೂ ನುಗ್ಗಿ ಕೂಗುತ್ತಿದ್ದವು. ನಮ್ಮೊಡನಿದ್ದ ಹಿರಿಯರೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದವರು, “ಒಂದು ಲೋಟ ಪಾನಕಕ್ಕೆ ಓಡುವ ಬಸ್ಸನ್ನು ನಿಲ್ಲಿಸುತ್ತೇವೆ. ವೋಟಿಗೆ ಮನೆ ಬಾಗಿಲಿಗೆ ಹೋಗುತ್ತಾರೆ. ಮಗುವಿನ ಊಟಕ್ಕೆ ಮಾತ್ರ ಕಾಗದ ಅಂಟಿಸಿ ಬಂದೆವಲ್ಲ!” ಎಂದರು. ಅಂದು ಸಂಜೆಯೇ ನಾವು ತೋಟದ ಮನೆಗಳ ಕಡೆಗೆ ಹೊರಟೆವು.

ಮುಂದಿನ ಕತೆಯನ್ನು ಹೇಳುವುದಕ್ಕೆ ಮೊದಲು, ಇಂತಹ ಪ್ರಚಾರದ ವಿಷಯದಲ್ಲಿ ನಮಗೆ ಎದುರಾದ, ನಮ್ಮ ಮನಸ್ಸಿನಲ್ಲಿಯೂ ಇದ್ದ, ಮೂರು ಆಕ್ಷೇಪಗಳನ್ನು ಪೂರ್ವಪಕ್ಷವಾಗಿ ಇಟ್ಟು ವಿಚಾರಿಸೋಣ.

ಮೊದಲನೆಯದು: ಹಸಿದವನು ತಾನಾಗಿಯೇ ಅನ್ನವನ್ನು ಹುಡುಕಿಕೊಂಡು ಬರುತ್ತಾನೆ, ಬಾರದವನಿಗೆ ಹಸಿವಿಲ್ಲವೆಂದೇ ಅರ್ಥ. ಎರಡನೆಯದು: ಅಕ್ಕಿ ಸರಕಾರದ್ದು, ಅಡುಗೆ ಸರಕಾರದ್ದು, ನಮ್ಮದಲ್ಲದ ಅನ್ನಕ್ಕೆ ನಾವು ಜನರನ್ನು ಕರೆದರೆ ಅದರಿಂದ ನಮಗೇನು ಪುಣ್ಯ? ಮೂರನೆಯದು: ದಾನವನ್ನು ಡಂಗುರ ಸಾರುವುದು ಶಾಸ್ತ್ರವಿರುದ್ಧ, ತಾನು ಕೊಟ್ಟುದನ್ನು ಹೇಳಿಕೊಂಡರೆ ದಾನದ ಫಲ ನಶಿಸುವುದೆಂದು ಮನುಸ್ಮೃತಿಯೇ ಎಚ್ಚರಿಸಿದೆ.

ಮೂರನೆಯ ಆಕ್ಷೇಪವು ನೋಡುವುದಕ್ಕೆ ಬಲವಾಗಿದ್ದರೂ ಅದರ ಪರಿಹಾರ ಸುಲಭ. ನಿಷೇಧವಿರುವುದು ಕೊಟ್ಟವನು ತನ್ನ ಹೆಸರನ್ನು ಸಾರುವುದಕ್ಕೆ. ಅನ್ನವಿರುವ ಸ್ಥಳವನ್ನು ಹಸಿದವನಿಗೆ ತಿಳಿಸುವುದಕ್ಕಲ್ಲ. ಒಂದರಲ್ಲಿ ಮಾತು ದಾತನ ಕಡೆಗೆ ತಿರುಗಿದೆ, ಇನ್ನೊಂದರಲ್ಲಿ ಉಣ್ಣುವವನ ಕಡೆಗೆ. ಫಲಕದಲ್ಲಿ ದಾನಿಯ ಹೆಸರು ದೊಡ್ಡದಾಗಿದ್ದು ಊಟದ ವೇಳೆ ಚಿಕ್ಕದಾಗಿದ್ದರೆ ಅದು ಸ್ಮೃತಿಯು ನಿಷೇಧಿಸಿದ ಡಂಗುರ. ಹೆಸರೇ ಇಲ್ಲದೆ ವೇಳೆಯನ್ನೂ ಸ್ಥಳವನ್ನೂ ತಿಳಿಸಿದರೆ ಅದು ಆಹ್ವಾನ.

ಎರಡನೆಯ ಆಕ್ಷೇಪಕ್ಕೆ ಬರೋಣ. ಅನ್ನವು ಯಾರ ಹಣದಿಂದ ಬಂದಿತೆಂಬುದರ ಮೇಲೆ ಪುಣ್ಯವನ್ನು ಲೆಕ್ಕ ಹಾಕುವುದು ವ್ಯಾಪಾರಿಯ ರೀತಿ. ಸರಕಾರದ ಅಕ್ಕಿ ಆಕಾಶದಿಂದ ಬಿದ್ದುದಲ್ಲ. ಅದರಲ್ಲಿ ನಾವು ತೆತ್ತ ತೆರಿಗೆಯೂ ಇದೆ, ಕಾಯಿ ಒಡೆಯುವ ಆ ಹೆಣ್ಣುಮಗಳು ಸೋಪು, ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯೂ ಇದೆ. ಅದಲ್ಲದೆ, ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ಜನರ ಸೇವೆಯನ್ನು ಅರಸನಿಗೆ ಸಲ್ಲಿಸುವ ಕಂದಾಯಕ್ಕೆ ಹೋಲಿಸಿರುವುದನ್ನು ವಾಚಕರು ಪ್ರವಚನಗಳಲ್ಲಿ ಕೇಳಿಯೇ ಇರುತ್ತೀರಿ. ಭಗವಂತನ ರಾಜ್ಯದಲ್ಲಿ ವಾಸಿಸುವವನು ಸಲ್ಲಿಸಲೇಬೇಕಾದ ತೆರಿಗೆ ಅದು. ಕಂದಾಯವನ್ನು ಕಟ್ಟುವವನು ‘ನನಗೇನು ಲಾಭ’ ಎಂದು ಕೇಳುವುದುಂಟೇ?

ಮೊದಲನೆಯ ಆಕ್ಷೇಪವೇ ನಿಜವಾಗಿ ಕಠಿಣವಾದದ್ದು. ಏಕೆಂದರೆ ಅದು ಮೇಲುನೋಟಕ್ಕೆ ಲೋಕಾನುಭವದಂತೆ ತೋರುತ್ತದೆ. ಹಸಿದವನು ಬರುವುದಿಲ್ಲವೇ? ನಮ್ಮ ಶಾಸ್ತ್ರಗಳು ಹಾಗೆ ಭಾವಿಸಿದಂತೆ ಕಾಣುವುದಿಲ್ಲ. ವಿಷ್ಣುಪುರಾಣದಲ್ಲಿ ಔರ್ವಮುನಿಯು ಸಗರರಾಜನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುವಾಗ, ಗೃಹಸ್ಥನು ವೈಶ್ವದೇವವನ್ನೂ ಬಲಿಯನ್ನೂ ಮುಗಿಸಿದ ಕೂಡಲೇ ಊಟಕ್ಕೆ ಕೂರದೆ, ಒಂದು ಹಸುವನ್ನು ಕರೆಯುವಷ್ಟು ಹೊತ್ತು ಮನೆಯ ಅಂಗಳದಲ್ಲಿ ನಿಂತು ಅತಿಥಿಗಾಗಿ ಕಾಯಬೇಕೆಂದು ಹೇಳುತ್ತಾನೆ. ಅಡುಗೆಮನೆಯಲ್ಲಿ ಕುಳಿತು ಕಾದರೆ ಸಾಲದು, ಅಂಗಳಕ್ಕೆ ಬರಬೇಕು. ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯ ಕೊನೆಯಲ್ಲಿ, ಆಶ್ರಯ ಬೇಡಿ ಬಂದ ಯಾರನ್ನೂ ತಿರುಗಿ ಕಳುಹಿಸಬಾರದು, ಅದಕ್ಕಾಗಿ ಹೇರಳವಾಗಿ ಅನ್ನವನ್ನು ಸಂಪಾದಿಸಬೇಕು ಎಂದು ವಿಧಿಸಿದ ಮೇಲೆ, ಬಂದವನಿಗೆ ‘ಅನ್ನ ಸಿದ್ಧವಾಗಿದೆ’ ಎಂದು ಸಜ್ಜನರು ಹೇಳುವರೆಂಬ ಮಾತೂ ಬರುತ್ತದೆ. ಪಾಠಶಾಲೆಯಲ್ಲಿ ಆ ಭಾಗವನ್ನು ನಾವು ಸ್ವರಸಹಿತವಾಗಿ ನೂರಾರು ಬಾರಿ ಹೇಳಿದ್ದೇವೆ. ಅಡುಗೆಯ ಜತೆಗೆ ಹೇಳುವ ಮಾತನ್ನೂ ಉಪನಿಷತ್ತು ಸೇರಿಸಿದೆಯೆಂಬುದು ಹೊಳೆದದ್ದು ಮಾತ್ರ ಅಡುಗೆಯಾಕೆಯ ಮಾತು ಕೇಳಿದ ಮೇಲೆಯೇ. ಅನ್ನವು ಸಿದ್ಧವಾಗಿದ್ದರೆ ಸಾಲದು. ಸಿದ್ಧವಾಗಿದೆಯೆಂದು ಹೇಳಬೇಕು, ಮನೆಗೆ ಬಂದು ನಿಂತವನಿಗೂ ಸಹ! ಹಾಗಿರುವಾಗ ಬಾರದೆ ಇರುವವನಿಗೆ ಹೇಳುವುದು ಎಷ್ಟು ಅಗತ್ಯ?

ಇನ್ನು ತೋಟದ ಮನೆಗಳಲ್ಲಿ ನಮಗೆ ತಿಳಿದುಬಂದುದನ್ನು ಹೇಳುತ್ತೇವೆ. ಮಕ್ಕಳು ಬಾರದಿದ್ದುದಕ್ಕೆ ಮೂರು ಬಗೆಯ ಕಾರಣಗಳಿದ್ದವು. ಕೆಲವರಿಗೆ ರಜೆಯಲ್ಲಿ ಊಟವುಂಟೆಂಬುದೇ ತಿಳಿಯದು. ಬೇರೆ ಊರಿನಿಂದ ಕಾಯಿ ಕೆಲಸಕ್ಕೆ ಬಂದು ತೋಟದ ಷೆಡ್ಡಿನಲ್ಲಿ ಇಳಿದುಕೊಂಡವರಂತೂ ಶಾಲೆಯ ದಾರಿಯನ್ನೇ ಅರಿಯರು. ಮತ್ತೆ ಕೆಲವರು, ರಜೆಗೆ ಮುಂಚೆ ಶಾಲೆಯಲ್ಲಿ ಹೆಸರು ಬರೆಸಿದವರಿಗೆ ಮಾತ್ರ ಊಟವೆಂದು ತಿಳಿದು ಸುಮ್ಮನಿದ್ದರು. ಇವರಿಬ್ಬರಿಗೂ ಒಂದು ಮಾತು ಸಾಕಾಯಿತು. ಮರುದಿನವೇ ಮಕ್ಕಳು ಬಂದರು. ಆದರೆ ಮೂರನೆಯ ಬಗೆಯವರು ಎಲ್ಲವನ್ನೂ ತಿಳಿದಿದ್ದರು, ತಿಳಿದೂ ಕಳುಹಿಸುತ್ತಿರಲಿಲ್ಲ. ಅವರನ್ನು ತಡೆದದ್ದು ನಾಚಿಕೆ.

ಒಂದು ತೋಟದಲ್ಲಿ ಹೆಣ್ಣುಮಗಳೊಬ್ಬಳು ಕೊಬ್ಬರಿಯ ರಾಶಿಯ ಮುಂದೆ ಕುಳಿತು ಚಿಪ್ಪೊಡೆಯುತ್ತಿದ್ದಳು. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗನು ಚಿಪ್ಪುಗಳನ್ನು ಆರಿಸಿ ಗುಡ್ಡೆ ಮಾಡುತ್ತಿದ್ದನು. ನಾವು ಹೋದ ಉತ್ಸಾಹದಲ್ಲಿ, “ಬಡಮಕ್ಕಳಿಗೆ ಶಾಲೆಯಲ್ಲಿ ಪುಕ್ಕಟೆ ಊಟ ಕೊಡ್ತಿದಾರಮ್ಮ, ಹುಡುಗನ್ನ ಕಳಿಸು” ಎಂದೆವು. ಆಕೆ ತಲೆಯೆತ್ತದೆ, “ದುಡ್ಕೊಂಡು ತಿಂತಾ ಇದೀವಿ ಸ್ವಾಮಿ” ಎಂದಳು. ಮಾತು ಅಲ್ಲಿಗೇ ನಿಂತಿತು. ಹುಡುಗನು ಒಮ್ಮೆ ನಮ್ಮನ್ನೂ ಒಮ್ಮೆ ತಾಯಿಯನ್ನೂ ನೋಡಿ ಪುನಃ ಚಿಪ್ಪು ಆರಿಸತೊಡಗಿದನು.

ಹಿಂದಿರುಗುವಾಗ ನಮ್ಮ ತಪ್ಪು ನಮಗೆ ತಿಳಿಯಿತು. ಹೇಳಬೇಕಾದುದು ‘ಅನ್ನ ಸಿದ್ಧವಾಗಿದೆ’ ಎಂಬ ಮಾತು. ನಾವು ಹೇಳಿದ್ದು ‘ನೀನು ಬಡವಳು’ ಎಂಬ ಮಾತು. ಅದೇ ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ದಾನದ ರೀತಿಯನ್ನು ಹೇಳುವಾಗ, ಶ್ರದ್ಧೆಯಿಂದ ಕೊಡಬೇಕೆಂಬುದರ ಜತೆಗೆ ಲಜ್ಜೆಯಿಂದಲೂ ಕೊಡಬೇಕೆಂದು ವಿಧಿಸುತ್ತಾನೆ. ಲಜ್ಜೆಯು ಇರಬೇಕಾದುದು ಕೊಡುವವನಲ್ಲಿ. ಇಷ್ಟು ಹೊತ್ತಾದ ಮೇಲೆ ಬಂದೆನಲ್ಲಾ, ಇಷ್ಟೇ ತಂದೆನಲ್ಲಾ ಎಂಬ ಸಂಕೋಚ ಅವನದು. ನಾವಾದರೋ ನಮ್ಮ ಪಾಲಿನ ಲಜ್ಜೆಯನ್ನು ಆ ತಾಯಿಯ ತಲೆಯ ಮೇಲೆ ಹೊರಿಸಿ ಬಂದಿದ್ದೆವು. ‘ಅಕ್ಷರ ದಾಸೋಹ’ವೆಂಬ ಹೆಸರಿನಲ್ಲಿರುವ ದಾಸೋಹವೆಂಬುದೂ ಇದನ್ನೇ ಹೇಳುವ ಪದ, ಬಡಿಸುವವನು ದಾಸ, ಉಣ್ಣುವವನಲ್ಲ. ಸಿದ್ಧಗಂಗೆಯ ದಾಸೋಹವನ್ನು ಕಣ್ಣಾರೆ ಕಂಡ ನಮ್ಮ ತುಮಕೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀಮದ್ಭಾಗವತದ ಕುಚೇಲನ ಕತೆಯನ್ನು ನಾವು ಭಕ್ತಿಯ ದೃಷ್ಟಾಂತವಾಗಿ ಕೇಳುತ್ತೇವೆ. ಅದರಲ್ಲಿ ಈ ಪ್ರಶ್ನೆಗೂ ಉತ್ತರವಿದೆ. ಕುಚೇಲನು ಹಸಿದಿದ್ದನು, ಆದರೆ ಬಂದಿರಲಿಲ್ಲ. ಹೆಂಡತಿಯು ಮತ್ತೆ ಮತ್ತೆ ಹೇಳಿದ ಮೇಲೆ ಹೊರಟನು. ಹೋದ ಮೇಲೂ ಬೇಡಲಿಲ್ಲ. ತಂದ ಅವಲಕ್ಕಿಯನ್ನು ಕೊಡುವುದಕ್ಕೂ ನಾಚಿದನು. ಶ್ರೀಕೃಷ್ಣನಾದರೋ ದೂರದಿಂದ ಅವನನ್ನು ಕಂಡೊಡನೆ ಮಂಚದಿಂದ ಎದ್ದು ಎದುರು ಹೋಗಿ ಅಪ್ಪಿಕೊಂಡನು. ನಿನಗೇನು ಬೇಕೆಂದು ಕೇಳಿ ಅವನ ಬಾಯಿಂದ ಬೇಡಿಸಲಿಲ್ಲ. ಅವನಿಂದಲೇ ಒಂದು ಹಿಡಿ ಅವಲಕ್ಕಿಯನ್ನು ತೆಗೆದುಕೊಂಡನು. ಸ್ವಾಭಿಮಾನವುಳ್ಳ ಬಡವನಿಗೆ ಕೊಡುವ ರೀತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಹೇಗೆ?

ಮರುದಿನ ನಾವು ಪುನಃ ಆ ತೋಟಕ್ಕೆ ಹೋದೆವು. ಈ ಬಾರಿ ಬಡತನದ ಮಾತನ್ನೆತ್ತದೆ, “ಶಾಲೆಯಲ್ಲಿ ಅಡುಗೆಯಾಗಿದೆಯಮ್ಮ, ಮಕ್ಕಳನ್ನ ಕರೆಯೋಕೆ ಬಂದಿದೀವಿ” ಎಂದೆವು. ಆಕೆ ಕೈಕೆಲಸ ನಿಲ್ಲಿಸಿ, ನಮ್ಮನ್ನು ದಿಟ್ಟಿಸಿ ನೋಡಿ, “ನಿಮ್ಮ ಹುಡುಗಾನೂ ಅದೇ ಸ್ಕೂಲಲ್ವಾ ಅಯ್ನೋರೆ? ಅವನೂ ಹೋಗ್ತಾನಾ?” ಎಂದು ಕೇಳಿದಳು.

ವಾಚಕರಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ಆ ಪ್ರಶ್ನೆಗೆ ನಾವು ಸಿದ್ಧರಾಗಿರಲಿಲ್ಲ. ನಮ್ಮ ಮಗನೂ ಅದೇ ಶಾಲೆಯ ಎರಡನೆಯ ತರಗತಿಯವನು. ವರ್ಷವೆಲ್ಲ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿ, ಉಳಿದವರಿಗಿಂತ ಒಂದು ಮಾರು ದೂರ ಕುಳಿತು ಉಣ್ಣುವವನು. ನಾವು ಊರವರ ಮಕ್ಕಳನ್ನೆಲ್ಲ ಕರೆಯುತ್ತಿದ್ದ ಆ ಊಟಕ್ಕೆ ನಮ್ಮ ಮನೆಯ ಮಗುವನ್ನು ಕಳುಹಿಸುವ ಯೋಚನೆಯೇ ನಮಗೆ ಬಂದಿರಲಿಲ್ಲ. ‘ನೋಡೋಣಮ್ಮ’ ಎಂದಷ್ಟೇ ಹೇಳಿ ಹಿಂದಿರುಗಿದೆವು.

ಮನೆಯಲ್ಲಿ ವಿಷಯವನ್ನು ತಿಳಿಸಿದಾಗ ನಮ್ಮ ತಾಯಿಯವರು ಒಪ್ಪಲಿಲ್ಲ. ಮಡಿ, ಆಚಾರ, ಈರುಳ್ಳಿ ಇವೆಲ್ಲವೂ ಚರ್ಚೆಗೆ ಬಂದವು. ಈ ಸಾಲುಗಳನ್ನು ಓದುವವರಲ್ಲಿಯೂ ಕೆಲವರು ತಾಯಿಯವರ ಪಕ್ಷದಲ್ಲಿಯೇ ಇರಬಹುದು; ಅವರ ಮಾತನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ತಂದೆಯವರು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಅವರು ಬಾಲ್ಯದಲ್ಲಿ ವಾರಾನ್ನ ಉಂಡು ಓದಿದವರು. ವಾರದ ಏಳು ದಿನಕ್ಕೆ ಏಳು ಮನೆ; ಆ ದಿನ ಆ ಮನೆಯಲ್ಲಿ ಊಟ. ಅವುಗಳಲ್ಲಿ ಒಂದು ಮನೆಯ ಬಗ್ಗೆ ಅವರು ನಮಗೆ ಎಂದೂ ಹೇಳಿರಲಿಲ್ಲ, ಅಂದು ಹೇಳಿದರು. ಆ ಮನೆಯವರು ಕೆಟ್ಟವರಲ್ಲ, ಇಲ್ಲವೆಂದವರೂ ಅಲ್ಲ. ಆದರೆ ಬಾಗಿಲಲ್ಲಿ ನಿಂತ ಹುಡುಗನನ್ನು ‘ಬಾ’ ಎಂದು ಕರೆಯುವವರು ಯಾರೂ ಇರಲಿಲ್ಲವಂತೆ. ಒಳಗೆ ತಟ್ಟೆಗಳ ಸದ್ದು ಕೇಳುತ್ತಿತ್ತು, ಹುಳಿಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ನೀರು ಕುಡಿದು, ಪಾಠಶಾಲೆಗೆ ಹಿಂದಿರುಗಿದ ದಿನಗಳು ಎಷ್ಟೋ. ಆ ಮನೆಯವರು ಹುಡುಗನು ಬಾರದೆ ಹೋದನೆಂದೇ ತಿಳಿದಿರಬೇಕು. ಇಷ್ಟು ಹೇಳಿ ತಂದೆಯವರು, “ವಾರದ ಮನೆಗೆ ಒಬ್ಬನೇ ಹೋಗೋದು ಕಷ್ಟ. ಜತೆಗೆ ಇನ್ನೊಬ್ಬ ಇದ್ದರೆ ಅದು ಭಿಕ್ಷೆ ಅನ್ನಿಸೋಲ್ಲ, ಊಟ ಅನ್ನಿಸುತ್ತೆ. ಮಗು ಹೋಗಲಿ” ಎಂದರು.

ಮರುದಿನ ಹನ್ನೆರಡು ಗಂಟೆಯ ಬಿಸಿಲಿನಲ್ಲಿ ನಮ್ಮ ಮಗನು ಆ ತೋಟಕ್ಕೆ ಹೋಗಿ ಅವಳ ಮಗನನ್ನು ಕೂಗಿ ಕರೆದನು. ಇಬ್ಬರೂ ತಟ್ಟೆ ಹಿಡಿದು ಹೊರಟರು. ಆ ಹೆಣ್ಣುಮಗಳು ಏನನ್ನೂ ಹೇಳಲಿಲ್ಲ. ಎದ್ದು ಬಂದು, ಮಗನ ಮುಖವನ್ನು ಸೆರಗಿನಿಂದ ಒರೆಸಿ ಕಳುಹಿಸಿದಳು. ಸಾರು ಖಾರವಾಗಿತ್ತೆಂದು ಸಂಜೆ ನಮ್ಮ ಮಗನು ದೂರಿದನು. ರಜೆ ಮುಗಿಯುವವರೆಗೂ ಹೋಗುವುದನ್ನು ಮಾತ್ರ ಬಿಡಲಿಲ್ಲ. ಅವರಿಬ್ಬರನ್ನು ನೋಡಿ ಅಕ್ಕಪಕ್ಕದ ತೋಟಗಳ ಮಕ್ಕಳು ಕೆಲವರು ಸೇರಿಕೊಂಡರು. ನಮ್ಮ ತಾಯಿಯವರು ಮಗು ಹಿಂದಿರುಗಿದ ಮೇಲೆ ಸ್ನಾನ ಮಾಡಿಸುತ್ತಿದ್ದರು. ಹದಿನೈದು ದಿನಗಳ ತರುವಾಯ, “ಆ ಹುಡುಗನೂ ಬಂದಿದ್ದನಾ ಇವತ್ತು?” ಎಂದು ಅವರೇ ಕೇಳತೊಡಗಿದರು.

ಈ ತೊಡಕು ನಮ್ಮ ಸೀಮೆಗೆ ಮಾತ್ರ ಸೇರಿದುದೆಂದು ಯಾರೂ ಭಾವಿಸಬೇಕಾಗಿಲ್ಲ. ಸಂಪದ್ಭರಿತವೆನಿಸಿದ ಅಮೆರಿಕ ದೇಶದಲ್ಲಿಯೂ ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಉಚಿತವಾಗಿ ಊಟ ಕೊಡುವ ಕಾರ್ಯವು 1968ರಲ್ಲಿ ಆರಂಭವಾಗಿ, 1975ರಿಂದ ಪ್ರತ್ಯೇಕ ಯೋಜನೆಯಾಗಿ ನಡೆದುಬಂದಿದೆ. ಶಾಲಾದಿನಗಳಲ್ಲಿ ಊಟ ಪಡೆಯುವ ಮಕ್ಕಳಲ್ಲಿ ಬಹುಪಾಲು ಮಂದಿ ರಜೆಯ ಊಟಕ್ಕೆ ಬಾರದಿರುವುದೇ ಅಲ್ಲಿಯೂ ದೊಡ್ಡ ಚಿಂತೆ. ಆದಕಾರಣ ಸ್ವಯಂಸೇವಕರು ಮನೆಮನೆಯ ಬಾಗಿಲಿಗೆ ಚೀಟಿಗಳನ್ನು ಸಿಕ್ಕಿಸಿ, ಗ್ರಂಥಾಲಯ, ಚರ್ಚು, ಆಟದ ಮೈದಾನಗಳಲ್ಲಿ ತಂದೆತಾಯಿಯರನ್ನು ಕಂಡು, ಊಟದ ಸ್ಥಳವನ್ನೂ ವೇಳೆಯನ್ನೂ ತಿಳಿಸುತ್ತಾರೆ. ಅನ್ನವಿರುವ ಕಡೆಗೂ ಹಸಿವಿರುವ ಕಡೆಗೂ ನಡುವೆ ಇರುವ ದಾರಿ ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯದು. ಅದನ್ನು ಯಾರಾದರೂ ಕಾಲ್ನಡಿಗೆಯಲ್ಲಿ ನಡೆದೇ ತೀರಬೇಕು. ಮಧುಕರಕ್ಕಾಗಿ ಮನೆಮನೆಗೆ ನಡೆದ ದಾಸವರೇಣ್ಯರ ಪರಂಪರೆಯವರಾದ ನಮಗೆ ಈ ನಡಿಗೆ ಹೊಸದಾಗಬಾರದು. ಅವರು ಪಡೆಯುವುದಕ್ಕಾಗಿ ಬಾಗಿಲಿಗೆ ಹೋಗಲು ನಾಚಲಿಲ್ಲ. ಕರೆಯುವುದಕ್ಕಾಗಿ ಹೋಗಲು ನಾವು ನಾಚುವುದೇಕೆ?

ಹಾಗಾದರೆ ಸಿದ್ಧಾಂತವೇನು? ಆಹ್ವಾನವು ಅನ್ನದಾನಕ್ಕೆ ಹೊರಗಿನ ಅಲಂಕಾರವಲ್ಲ. ಅದರ ಅಂಗವೇ ಆಗಿದೆ. ಅಂಗಲೋಪವಾದರೆ ಕರ್ಮವು ಪೂರ್ಣವಾಗುವುದಿಲ್ಲವೆಂಬುದು ಪೌರೋಹಿತ್ಯದ ಗಂಧವುಳ್ಳವರಿಗೆಲ್ಲ ತಿಳಿದ ವಿಷಯ. ಶುಭಕಾರ್ಯಕ್ಕೆ ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯದಿದ್ದರೆ ನಾವು ನೆಂಟರ ಮನೆಯ ಊಟಕ್ಕೂ ಹೋಗುವುದಿಲ್ಲ. ಅಷ್ಟು ಮಾನವುಳ್ಳ ನಾವು, ಕೂಲಿಯವಳ ಮಗುವು ಕರೆಯದೆಯೇ ಬರಲೆಂದು ನಿರೀಕ್ಷಿಸುವುದು ನ್ಯಾಯವೇ? ಅವಳಿಗೂ ನಮ್ಮಷ್ಟೇ ಮಾನವಿದೆ. ಸರ್ವರ ಹೃದಯದಲ್ಲಿಯೂ ಬಿಂಬರೂಪಿಯಾದ ಶ್ರೀಹರಿಯು ನೆಲೆಸಿದ್ದಾನೆಂದು ನಂಬಿದವರಿಗೆ, ಆ ಮಾನವನ್ನು ಕಾಪಾಡಿ ಕರೆಯುವುದು ಪೂಜೆಯಲ್ಲಿ ಆವಾಹನೆಯಿದ್ದಂತೆ. ಆವಾಹನೆಯಿಲ್ಲದೆ ನೈವೇದ್ಯವುಂಟೇ?

ಆದರೆ ಆ ಹೆಣ್ಣುಮಗಳ ಪ್ರಶ್ನೆಯಿಂದ ನಾವು ಇನ್ನೂ ಒಂದನ್ನು ಕಲಿತೆವು. ಕರೆಯುವವನು ತಾನು ಬಾರದ ಸ್ಥಳಕ್ಕೆ ಪರರನ್ನು ಕರೆದರೆ ಅದು ಆಹ್ವಾನವಾಗದು, ಅಪ್ಪಣೆಯಾದೀತು. ಇದನ್ನು ಪ್ರತಿಯೊಬ್ಬರೂ ತಮ್ಮ ಮನೆಯ ಆಚಾರಕ್ಕೆ ಹೊಂದುವಂತೆ ಹೇಗೆ ನಡೆಸಬೇಕೆಂಬುದನ್ನು ನಾವು ವಿಧಿಸಲಾರೆವು. ಜತೆಯಲ್ಲಿ ಕುಳಿತು ಉಣ್ಣಲಾಗದವರು ಜತೆಯಲ್ಲಿ ನಡೆದಾದರೂ ಹೋಗಬಹುದು, ನಿಂತು ಬಡಿಸಬಹುದು, ಉಂಡ ಮಕ್ಕಳ ಹೆಸರು ಹಿಡಿದು ಮಾತನಾಡಿಸಬಹುದು. ದೂರ ನಿಂತು ‘ಅಲ್ಲಿಗೆ ಹೋಗು’ ಎನ್ನುವುದು ಮಾತ್ರ ಸಾಲದು.

ಕೊನೆಯದಾಗಿ ಒಂದು ವಿಷಯ. ನ್ಯಾಯಾಲಯದ ಆ ಆಜ್ಞೆಗಳು ಬರಪೀಡಿತವೆಂದು ಘೋಷಿತವಾದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತವೆ. ಮಳೆಯಾದ ವರ್ಷದ ಬೇಸಗೆಯಲ್ಲಿಯೂ ಕೂಲಿ ಇಲ್ಲದ ದಿನಗಳಿರುತ್ತವೆ. ಆಗ ಶಾಲೆಯ ಒಲೆ ಹೊತ್ತುವುದಿಲ್ಲ. ನಮ್ಮ ಗುಡಿಗಳಲ್ಲಿ ಶ್ರೀರಾಮನವಮಿಯಿಂದ ಶ್ರೀನೃಸಿಂಹ ಜಯಂತಿಯವರೆಗೆ ಒಂದಲ್ಲ ಒಂದು ಉತ್ಸವದ ನಿಮಿತ್ತವಾಗಿ ಒಲೆ ಹೊತ್ತುತ್ತಲೇ ಇರುತ್ತದೆ. ಆ ಅನ್ನವನ್ನು ಉಣ್ಣುವವರು ಯಾರು, ಉಣ್ಣಬೇಕಾಗಿದ್ದೂ ಬಾರದವರು ಯಾರು, ಅವರನ್ನು ಕರೆಯಲು ನಮ್ಮಲ್ಲಿ ಯಾರಾದರೂ ಹೋಗಿದ್ದರೇ ಎಂದು ಪ್ರತಿಯೊಂದು ಗುಡಿಯ ಕಾರ್ಯಕರ್ತರೂ ಮುಂದಿನ ಚೈತ್ರಮಾಸದೊಳಗಾಗಿ ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇವೆ. ಪತ್ರಿಕೆಯಲ್ಲಿ ‘ತೀರ್ಥಪ್ರಸಾದ’ವೆಂದು ಅಚ್ಚು ಹಾಕಿಸಿದೊಡನೆ ಕರೆದಂತಾಗಲಿಲ್ಲ. ವೈಶ್ವದೇವ ಮುಗಿಸಿದ ಗೃಹಸ್ಥನಂತೆ ನಾವೂ ಹಸು ಕರೆಯುವಷ್ಟು ಹೊತ್ತಾದರೂ ಅಂಗಳಕ್ಕೆ ಬಂದು ನಿಲ್ಲೋಣ. ಯಾರೂ ಕಾಣದಿದ್ದರೆ ತೋಟದ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗೋಣ.

ಜಗುಲಿಯ ಮೇಲೆ ಕುಳಿತು, ಒಳಗಿನಿಂದ ‘ಬಾ’ ಎಂಬ ಒಂದು ಕರೆಗಾಗಿ ಕಾಯುತ್ತಿರುವ ಹುಡುಗರು ಇಂದಿಗೂ ಇದ್ದಾರೆ.

ಶ್ರೀಕೃಷ್ಣಾರ್ಪಣಮಸ್ತು.